ಗರಗಸದ ಪೂಜೆಗೊಂದು ನಿಂಬೆಹಣ್ಣು

ಶುಕ್ರವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತಮೂರು ನಿಮಿಷ.

ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಹತ್ತೂವರೆಗೆ ರಾಹುಕಾಲ ಶುರು. ಅಕ್ಕನ ಅಂಗಳದಲ್ಲಿ ನಿಂತಿದ್ದ ನಾವು ಮೂವರೂ ಗಡಿಯಾರವನ್ನೇ ನೋಡುತ್ತಿದ್ದೆವು. ನೋಡಬೇಕಾದದ್ದನ್ನು ಬಿಟ್ಟು.

ನೋಡಬೇಕಾದದ್ದು ನನ್ನ ಭಾವನ ಕೈಯಲ್ಲಿತ್ತು. ಹೊಚ್ಚ ಹೊಸ, ಪ್ರೊಫೆಷನಲ್ ದರ್ಜೆಯ, ಎಲೆಕ್ಟ್ರಾನಿಕ್ ಎಂಜಿನ್ ಮ್ಯಾನೇಜ್‌ಮೆಂಟ್ ಇರುವ ಚೈನ್ ಗರಗಸ. ಹಿಡಿಗೆ ಚೆಂಡುಹೂವಿನ ಹಾರ. ಎಂಜಿನ್ ಮೇಲೆ ಮೂರು ಬೆರಳಿನ ವಿಭೂತಿ. ಅದರ ಮೂತಿಗೆ ಸರಿಯಾಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಒಂದು ನಿಂಬೆಹಣ್ಣು.

ಹತ್ತು ಇಪ್ಪತ್ತನಾಲ್ಕಕ್ಕೆ ನನ್ನ ತಲೆ ತುಂಬ ಚೆಂಡುಹೂವಿನ ಎಸಳು. ಗರಗಸದ ತುದಿ ನನ್ನ ಕನ್ನಡಕದಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಭಾವನ ಎಡಗಿವಿಯಿಂದ ಎರಡು ಬೆರಳು.

ಬದುಕಿದ್ದೇನೆ. ಇಲ್ಲದಿದ್ದರೆ ಈ ವಾರದ ಅಂಕಣ ಯಾರು ಬರೆಯುತ್ತಿದ್ದರು? (ಸಂಪಾದಕರು ಈ ಜಾಗಕ್ಕೆ ಒಂದು ಜಾಹೀರಾತು ಹಾಕಿ ನೆಮ್ಮದಿಯಾಗಿರುತ್ತಿದ್ದರು. ಅದು ಬೇರೆ ಮಾತು.)

ಮೊದಲಿಂದ ಹೇಳುತ್ತೇನೆ.

ನನ್ನ ಅಕ್ಕ ಸರೋಜಾ ಶಿಡ್ಲಘಟ್ಟದಿಂದ ಎಂಟು ಕಿಲೋಮೀಟರ್ ಆಚೆ ಇರುತ್ತಾಳೆ. ಸುತ್ತ ಹಿಪ್ಪುನೇರಳೆ ತೋಟ. ನಡುವೆ ಎರಡು ಕಟ್ಟಡ. ಒಂದು ಮನುಷ್ಯರ ಮನೆ, ಇನ್ನೊಂದು ರೇಷ್ಮೆ ಹುಳುಗಳ ಮನೆ. ಮನುಷ್ಯರ ಮನೆ ಸೋರಿದರೆ ಅಕ್ಕ ಕೆಳಗೆ ಒಂದು ಪಾತ್ರೆ ಇಡುತ್ತಾಳೆ. ಹುಳು ಮನೆ ಸೋರಿದರೆ ಅವತ್ತೇ ಮೇಸ್ತ್ರಿಯನ್ನು ಕರೆಸುತ್ತಾಳೆ.

ಆ ಹುಳುಗಳಿಗಿರುವ ಮರ್ಯಾದೆ ಆ ಮನೆಯಲ್ಲಿ ಅಳಿಯಂದಿರಿಗೂ ಇಲ್ಲ. ಹತ್ತಿರ ಬೀಡಿ ಸೇದುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ಒಗ್ಗರಣೆ ಸೀದರೂ ಕಿಟಕಿ ಹಾಕಬೇಕು. ಹೊಗೆಯೋ ಗಾಟೋ ತಗುಲಿದರೆ ಹುಳು ಸೊಪ್ಪು ಬಿಟ್ಟುಬಿಡುತ್ತದೆ. ಒಮ್ಮೆ ನಾನು ಹೊಸ ಶಾಂಪೂ ಹಾಕಿಕೊಂಡು ಹೋಗಿದ್ದೆ. ಅಕ್ಕ ಬಾಗಿಲಲ್ಲೇ ತಡೆದಳು.

"ಯಾರನ್ನೇ ಮೆಚ್ಚಿಸೋಕೆ ಬಂದಿದ್ದೀಯ? ಹುಳುಗಳನ್ನಾ?"

ಈ ಹುಳು ಮನೆಯ ಹಿಂದೆ ಒಂದು ನೀಲಗಿರಿ ಮರ. ಹೋದ ತಿಂಗಳ ಗಾಳಿಗೆ ಒಂದು ಮಗ್ಗುಲಿನ ಬೇರು ಎದ್ದು, ಮರ ಹುಳು ಮನೆಯ ಶೀಟಿನ ಕಡೆಗೆ ವಾಲಿತು. ಬೀಳಲಿಲ್ಲ. ಬಸ್ಸಿನಲ್ಲಿ ತೂಕಡಿಸುತ್ತಾ ಪಕ್ಕದವರ ಭುಜದ ಮೇಲೆ ಬರುತ್ತಾರಲ್ಲ, ಹಾಗೆ ದಿನಕ್ಕೆ ಸ್ವಲ್ಪ ಸ್ವಲ್ಪ ಬಗ್ಗತೊಡಗಿತು.

ಒಳಗೆ ತಟ್ಟೆ ತಟ್ಟೆ ಹುಳು, ಮೂರನೇ ಜ್ವರ ಮುಗಿಸಿ ನಾಲ್ಕನೆಯದಕ್ಕೆ ಕೂರಲು ಸಿದ್ಧವಾಗಿದ್ದವು. (ರೇಷ್ಮೆ ಕಾಣದವರಿಗೆ: ಹುಳು ಪೊರೆ ಬಿಡುವಾಗ ಉಣ್ಣದೆ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಒಂದು ವಾರ ಮದುವೆ ಮನೆಯ ಕೊನೆ ಪಂಕ್ತಿಯವರ ಹಾಗೆ ತಿಂದು, ಆಮೇಲೆ ಗೂಡು ಕಟ್ಟುತ್ತದೆ.) ಮರ ಬಿದ್ದರೆ ಹುಳು ಮನೆ ಇಲ್ಲ, ಹುಳು ಇಲ್ಲ. ಹೊತ್ತು ಹೊತ್ತಿಗೆ ಅಲ್ಲೇ ನಿಂತು ಸೊಪ್ಪು ಹಾಕುವ ಅಕ್ಕನೂ...

ಆ ವಾಕ್ಯವನ್ನು ನಾವ್ಯಾರೂ ಮುಗಿಸುತ್ತಿರಲಿಲ್ಲ.

ಹಾಗಾದರೆ ಮರ ಕಡಿಯುವವರನ್ನು ಕರೆಸಬಹುದಿತ್ತಲ್ಲ? ಕರೆಸಬಹುದಿತ್ತು. ಕೈವಾರದ ಹತ್ತಿರ ರಹಮತ್ ಭಾಯ್ ಇದ್ದಾರೆ. ಮರ ಕಡಿಯುವುದರಲ್ಲಿ ಪಳಗಿದ ಕೈ. ಆದರೆ ಹೋದ ವರ್ಷ ಅವರು ಬೇಲಿಯ ಮರ ಕಡಿಯಲು ಬಂದಾಗ, ಅವರ ಹಳೇ ಗರಗಸ ಬಿಟ್ಟ ನೀಲಿ ಹೊಗೆ ನೇರವಾಗಿ ಹುಳು ಮನೆಗೆ ನುಗ್ಗಿತ್ತು. ಅಕ್ಕ ಪೊರಕೆ ಹಿಡಿದು ಗರಗಸವನ್ನೂ ರಹಮತ್ ಭಾಯ್ ಅವರನ್ನೂ ಟಾರ್ ರಸ್ತೆವರೆಗೆ ಬಿಟ್ಟುಬಂದಿದ್ದಳು.

"ಆ ಹೊಗೆ ಮಿಷಿನ್ ಇನ್ನೊಂದ್ಸಲ ಈ ಕಡೆ ಬಂದ್ರೆ ನಾನೇ ಅದನ್ನ ಕುಯ್ದಾಕ್ತೀನಿ" ಎಂದಿದ್ದಳು. ಗರಗಸವನ್ನೇ ಕುಯ್ಯುವುದು ಹೇಗೆ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆದ್ದರಿಂದ ಷರತ್ತು ಸ್ಪಷ್ಟ. ಮರ ಹೋಗಬೇಕು, ಹೊಗೆ ಬರಬಾರದು.

ಇಲ್ಲಿ ಭಾವನ ಪ್ರವೇಶ. ನನ್ನ ಭಾವ ವೆಂಕಟೇಶಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವರು ಇದುವರೆಗೆ ಬದುಕಿನಲ್ಲಿ ಹಿಡಿದ ಅತಿ ಹರಿತವಾದ ವಸ್ತು ಪೆನ್ಸಿಲ್ ಶಾರ್ಪ್‌ನರ್. ಅವರು ಮೂರು ದಿನ ಮೊಬೈಲ್ ನೋಡಿದರು. ಯಾವುದೋ ದೇಶ, ಯಾವುದೋ ಹಿಮ, ಯಾರೋ ಗಡ್ಡದವನು. ಜುಂಯ್ ಅಂತ ಗರಗಸ ಆಡಿಸುತ್ತಾನೆ, ಮರ ಸೋಫಾ ಮೇಲೆ ಒರಗಿದ ಹಾಗೆ ಒರಗುತ್ತದೆ.

ನಾಲ್ಕನೇ ದಿನ ಫೋನ್ ಬಂತು.

"ಶೈಲಮ್ಮ, ಹೊಗೆನೇ ಬರದಿರೋ ಗರಗಸ ಇದೆಯಂತೆ. ಒಳಗೆ ಕಂಪ್ಯೂಟರ್ ಇಟ್ಟವ್ರೆ. ನೀನು ಫಿಸಿಕ್ಸ್ ಓದಿದೋಳು, ಆರ್ಸೋಕೆ ಬಾ. ಮೂರು ಅಂಗಡಿ ನೋಡ್ಕೊಂಡು ಬರಣ."

ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ನಮ್ಮ ಮನೆತನದಲ್ಲಿ ಫಿಸಿಕ್ಸ್ ಅಂದರೆ ಮಿಕ್ಸಿ ಯಾಕೆ ನಿಂತಿತು ಅಂತ ಹೇಳುವುದು, ಟಿವಿ ರಿಮೋಟಿನ ಸೆಲ್ ಹಾಕುವುದು, ಇಂಗ್ಲಿಷಿನಲ್ಲಿರುವ ಯಾವುದೇ ಚೀಟಿಯನ್ನು ಓದಿ ಕನ್ನಡದಲ್ಲಿ ಹೇಳುವುದು. ಹೋದೆ.

ಮೊದಲ ಅಂಗಡಿ ಚಿಕ್ಕಬಳ್ಳಾಪುರದಲ್ಲಿ. ಅಂಗಡಿಯವರು ಹೆಮ್ಮೆಯಿಂದ ಒಂದನ್ನು ಮೇಜಿನ ಮೇಲೆ ಇಟ್ಟರು. "ಐವತ್ತೆಂಟು ಸಿಸಿ ಸಾರ್."

ಭಾವ ನನ್ನ ಕಡೆ ವಾಲಿ ಪಿಸುಗುಟ್ಟಿದರು. "ನನ್ ಬೈಕೇ ನೂರು ಸಿಸಿ. ಇದು ಅದರ ಅರ್ಧ ಕಣಮ್ಮ. ಬೇಡ."

ಎರಡನೆಯದು ಗೌರಿಬಿದನೂರಿನಲ್ಲಿ. ಅಲ್ಲಿನವರು ಉದ್ದದ ಮೇಲೆ ವ್ಯಾಪಾರ ಮಾಡುವವರು. ಹದಿನೆಂಟು ಇಂಚು, ಇಪ್ಪತ್ತೆರಡು ಇಂಚು, ಇಪ್ಪತ್ತೆಂಟು ಇಂಚು. ಭಾವ ಪ್ರತಿಯೊಂದನ್ನೂ ತಮ್ಮ ತೋಳಿಗೆ ಹಿಡಿದು, ದರ್ಜಿಯ ಹತ್ತಿರ ಷರ್ಟಿನ ಅಳತೆ ಕೊಡುವವರ ಹಾಗೆ ನಿಂತರು. ಅಂಗಡಿಯವರು ಉತ್ಸಾಹದಲ್ಲಿ ಒಂದನ್ನು ಒಳಗೇ ಸ್ಟಾರ್ಟ್ ಮಾಡಿಬಿಟ್ಟರು. ಹೊಗೆ ಇಳಿದಾಗ ನಾವಿಬ್ಬರೂ ಫುಟ್‌ಪಾತ್ ಮೇಲಿದ್ದೆವು. ಭಾವ ತಮ್ಮ ಷರ್ಟಿನ ತೋಳು ಮೂಸಿ ನೋಡಿದರು.

"ಹಿಂಗೇ ಮನೆಗೋದ್ರೆ ನಿಮ್ಮಕ್ಕ ಒಳಕ್ಕೆ ಸೇರ್ಸಲ್ಲ."

ಗಾಳಿ ಆಡಲಿ ಅಂತ ಕಾರಿನ ನಾಲ್ಕೂ ಕಿಟಕಿ ಇಳಿಸಿ, ಸುತ್ತುಬಳಸಿ ಪೆರೇಸಂದ್ರದಲ್ಲಿ ಟೀ ಕುಡಿದು ವಾಪಸಾದೆವು. ಟೀ ಅಂಗಡಿಯವನು ನಮ್ಮನ್ನು ಕಾರು ಕೆಟ್ಟವರು ಅಂದುಕೊಂಡು ಮೆಕ್ಯಾನಿಕ್ ನಂಬರ್ ಕೊಟ್ಟ.

ಮೂರನೆಯದು ಚಿಂತಾಮಣಿಯಲ್ಲಿ. ಕೃಷಿ ಯಂತ್ರಗಳ ಅಂಗಡಿ. ಕೌಂಟರಿನಲ್ಲಿ ಪದ್ಮಾವತಮ್ಮ. ಅರವತ್ತು ದಾಟಿದ ಹೆಂಗಸು, ಕಿವಿಯಲ್ಲಿ ಓಲೆ, ಸೊಂಟದಲ್ಲಿ ಬೀಗದ ಕೈ, ಮುಂದೆ ಬಿಚ್ಚಿ ಹಾಸಿದ ಎಂಜಿನ್. ಇವರು ಮೊದಲು ಗರಗಸ ತೋರಿಸಲಿಲ್ಲ. ಪ್ರಶ್ನೆ ಕೇಳಿದರು.

"ಮರ ಎಷ್ಟು ದಪ್ಪ ಐತೆ?"

ಭಾವ ಗಾಳಿಯನ್ನು ತಬ್ಬಿ ತೋರಿಸಿದರು.

"ವಾಲಿದೆಯಾ?"

"ವಾಲಿದೆ."

"ಯಾವ ಕಡೆಗೆ?"

"ನನ್ ಹೆಂಡ್ತಿ ಕಡೆಗೆ."

"ಮಿಷಿನ್ ಹಿಡಿಯೋರು ಯಾರು?"

ಭಾವ ಎದೆ ಮುಂದೆ ಮಾಡಿದರು. ಪದ್ಮಾವತಮ್ಮ ಅವರ ಜೇಬಿನಲ್ಲಿದ್ದ ನಾಲ್ಕು ಬಣ್ಣದ ಸ್ಕೆಚ್ ಪೆನ್ನುಗಳನ್ನು ನೋಡಿದರು. ಗಾಬರಿಯಾದರೆ ಅವರಿಗೆ ತೆಲುಗು ಬರುತ್ತದೆ ಅಂತ ಆಗ ಗೊತ್ತಾಯಿತು.

"ಎವರು? ಮೀರಾ?" (ಯಾರು? ನೀವಾ?)

ಆದರೂ ತೋರಿಸಿದರು. ಕಿತ್ತಳೆ ಬಣ್ಣದ, ಎರಡು ಕೈಯಲ್ಲಿ ಹಿಡಿದರೆ ಹಾಲು ಕುಡಿದು ಮಲಗಿದ ಮಗುವಿನಷ್ಟು ಭಾರದ ಗರಗಸ. ಚೈನ್ ಸುತ್ತುವ ಬಾರ್ ಹದಿನೆಂಟು ಇಂಚು. ಅವರು ಹೇಳಿದ ಹಾಗೆ ನಾನು ಯಾವತ್ತೂ ತರಗತಿಯಲ್ಲಿ ಹೇಳಿಲ್ಲ.

"ಹಳೇ ಮಿಷಿನ್ನಿಗೆ ಎರಡು ಸ್ಕ್ರೂ ಇರ್ತವೆ ಅಮ್ಮ. ಪೆಟ್ರೋಲ್ ಎಷ್ಟು ಹೋಗ್ಬೇಕು, ಗಾಳಿ ಎಷ್ಟು ಹೋಗ್ಬೇಕು ಅಂತ ಸ್ಕ್ರೂಡ್ರೈವರಲ್ಲಿ ನಾವೇ ತಿರುಗಿಸ್ತಿರ್ಬೇಕು. ಹೆಚ್ಚುಕಮ್ಮಿ ಆದ್ರೆ ಹೊಗೆ, ಇಲ್ಲಾಂದ್ರೆ ಎಂಜಿನ್ನೇ ಸುಟ್ಟೋಗ್ತದೆ. ಇದಕ್ಕೆ ಸ್ಕ್ರೂನೇ ಇಲ್ಲ. ಒಳಗೊಂದು ಚಿಪ್ ಇದೆ. ಬೆಟ್ಟದ ಮೇಲೆ ತಗೊಂಡೋಗ್ರಿ, ಬಿಸಿಲಲ್ಲಿ ಇಡ್ರಿ, ಫಿಲ್ಟರಲ್ಲಿ ಧೂಳು ಕೂರ್ಲಿ, ಅದೇ ನೋಡ್ಕೊಂಡು ಅದೇ ಸರಿ ಮಾಡ್ಕೊಂತದೆ. ಮೊದಲ್ನೇ ಟ್ಯಾಂಕ್ ಪೆಟ್ರೋಲ್ ಮುಗಿಯೋಷ್ಟರಲ್ಲಿ ನಿಮ್ಮೂರಿನ ಗಾಳಿ ಕಲ್ತ್ಕೊಂತದೆ."

"ಹೊಗೆ?" ಭಾವ ಕೇಳಿದರು.

"ಕಮ್ಮಿ. ಇಲ್ವೇ ಇಲ್ಲ ಅಂದ್ರೆ ಸುಳ್ಳಾಗ್ತದೆ. ಗಾಳಿ ಯಾವ ಕಡೆ ಬೀಸ್ತದೆ ನೋಡ್ಕೊಂಡು ಕುಯ್ರಿ. ಹೊಗೆನೇ ಬೇಡ ಅಂದ್ರೆ ಬ್ಯಾಟರಿದು ತಗೊಳ್ರಿ."

"ಬ್ಯಾಟರಿ ಚಾರ್ಜ್ ಮಾಡೋಕೆ ನಮ್ಮೂರಲ್ಲಿ ಕರೆಂಟ್ ಇರ್ಬೇಕಲ್ಲಮ್ಮ."

ಬ್ಯಾಟರಿಯ ವಿಚಾರ ಅಲ್ಲಿಗೆ ಮುಗಿಯಿತು. ಭಾವ ಕಿತ್ತಳೆ ಗರಗಸವನ್ನು ಸವರಿದರು. "ಅಂದ್ರೆ ಇದಕ್ಕೆ ಬುದ್ಧಿ ಇದೆ ಅನ್ನಿ."

"ಎಂಜಿನ್‌ಗೆ ಇದೆ ಸಾರ್" ಪದ್ಮಾವತಮ್ಮ ಅಂದರು. "ಚೈನ್‌ಗೆ ಇಲ್ಲ."

ಈ ಮಾತನ್ನು ನಾನು ಆಗಲೇ ಬರೆದಿಟ್ಟುಕೊಂಡು ಭಾವನ ಹಣೆಗೆ ಅಂಟಿಸಬೇಕಿತ್ತು. ಚೆನ್ನಾಗಿ ಹೇಳಿದರು ಅಂತ ನಕ್ಕೆ, ಅಷ್ಟೇ.

ಭಾನುವಾರ ಬಂದರೆ ಹಿಡಿಯುವುದನ್ನು ಕಲಿಸುತ್ತೇನೆ ಅಂದರು. ಭಾವ ವಿಡಿಯೋ ನೋಡಿದ್ದೇನೆ ಅಂದರು. ಚೈನ್ ತಗುಲಿದರೂ ಕಾಲು ಉಳಿಯುವ ದಪ್ಪ ಪ್ಯಾಂಟ್ ತೋರಿಸಿದರು. ಭಾವ, ಈ ಬಿಸಿಲಲ್ಲಿ ಅದನ್ನು ಹಾಕಿಕೊಂಡರೆ ಕಾಲು ಉಳಿದರೂ ತಾವು ಉಳಿಯುವುದಿಲ್ಲ ಅಂದರು. ಕೊನೆಗೆ ಜಾಲರಿ ಇರುವ ಒಂದು ಹೆಲ್ಮೆಟನ್ನು ಅವರೇ ಡಿಕ್ಕಿಗೆ ಹಾಕಿ, ಮ್ಯಾನುವಲ್ಲನ್ನು ನನ್ನ ಕೈಯಲ್ಲಿಟ್ಟರು.

"ನೀವು ಓದಿದೋರು. ಪೂರ್ತಿ ಓದಿ ಹೇಳಿ ಇವರಿಗೆ. ಪೂರ್ತಿ."

ಓದಿದೆ. ಅಕ್ಕನ ಮನೆ ಜಗಲಿಯ ಮೇಲೆ ಕೂತು, ಎಂಜಿನ್ ಮ್ಯಾನೇಜ್‌ಮೆಂಟಿನ ಅಧ್ಯಾಯವನ್ನು ಒಂದು ಗಂಟೆ ಪಾಠ ಮಾಡಿದೆ. ಸೆನ್ಸರ್ ಏನು, ಅದು ಸೆಕೆಂಡಿಗೆ ಎಷ್ಟು ಸಲ ಎಂಜಿನ್ನಿನ ನಾಡಿ ಹಿಡಿಯುತ್ತದೆ, ಇಂಧನದ ಕವಾಟ ಹೇಗೆ ತೆರೆದು ಮುಚ್ಚುತ್ತದೆ. ಚಪಾತಿ ಹಲಗೆಗೆ ಹಿಟ್ಟು ಉದುರಿಸಿ, ಅದರ ಮೇಲೆ ಚಿತ್ರ ಬರೆದು ತೋರಿಸಿದೆ. ಭಾವ ಚಿತ್ರದಲ್ಲಿ ಒಂದು ಗೆರೆ ಸೊಟ್ಟ ಇದೆ ಅಂತ ತಿದ್ದಿದರು.

ಆಮೇಲೆ ಕೆಂಪು ತ್ರಿಕೋನದ ಪುಟಗಳು ಬಂದವು. ಅಪಾಯ, ಎಚ್ಚರಿಕೆ, ಮಾಡಬೇಡಿ, ಮುಟ್ಟಬೇಡಿ.

"ಅದನ್ನೆಲ್ಲಾ ಎಲ್ಲಾದ್ರಲ್ಲೂ ಬರ್ದಿರ್ತಾರೆ, ಮುಂದಕ್ಕೋಗು" ಭಾವ ಅಂದರು. "ಮಿಕ್ಸಿ ಬುಕ್ಕಲ್ಲೂ ಇತ್ತು."

ನಾಲಿಗೆಗೆ ಬೆರಳು ತಾಗಿಸಿ ಹನ್ನೊಂದು ಪುಟ ತಿರುವಿದೆ. ಒಂದರಲ್ಲಿ ಚಿತ್ರವಿತ್ತು. ಗರಗಸದ ತುದಿ ಏನಕ್ಕೋ ತಾಗಿದೆ. ಅಲ್ಲಿಂದ ಹೊರಟ ಬಾಗಿದ ಬಾಣ ಸೀದಾ ಹಿಡಿದವನ ತಲೆಗೆ ಬರುತ್ತದೆ. ನೋಡಿದೆ. ನೋಡಿಯೂ ತಿರುವಿದೆ.

ನೀವು ಓದುತ್ತೀರಾ, ಕೆಂಪು ತ್ರಿಕೋನದ ಪುಟಗಳನ್ನು? ಮೊಬೈಲ್‌ನಲ್ಲಿ ಉದ್ದುದ್ದ ಷರತ್ತುಗಳ ಕೆಳಗೆ "ಒಪ್ಪಿದ್ದೇನೆ" ಅಂತ ಒತ್ತುವಾಗ ಒಂದು ಸಾಲಾದರೂ? ಗ್ಯಾಸ್ ಸಿಲಿಂಡರಿನ ಮೇಲಿನ ಬರಹ? ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ, ಬಿಚ್ಚಿದರೆ ಮತ್ತೆ ಮಡಚಲು ಬಾರದ ಆ ಕಾಗದ? ವಸ್ತು ಏನೇನು ಮಾಡುತ್ತದೆ ಅಂತ ಹೇಳುವ ಪುಟವನ್ನು ನಾವು ಬಾಯಿಪಾಠ ಮಾಡುತ್ತೇವೆ. ನಾವು ಏನು ಮಾಡಬಾರದು ಅನ್ನುವ ಪುಟ ಬಂದರೆ ಬೆರಳು ಒದ್ದೆಯಾಗುತ್ತದೆ.

ಸರಿ, ಶುಕ್ರವಾರಕ್ಕೆ ಬರೋಣ. ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಮರ ಇನ್ನಷ್ಟು ಬಗ್ಗಿತ್ತು. ಆ ವಾರವೆಲ್ಲ ಅಕ್ಕ ಆ ಜಾಲರಿಯ ಹೆಲ್ಮೆಟ್ ಹಾಕಿಕೊಂಡೇ ಸೊಪ್ಪು ಹಾಕಲು ಹೋಗುತ್ತಿದ್ದಳು. (ಅಷ್ಟು ದೊಡ್ಡ ಮರಕ್ಕೆ ಅಷ್ಟು ಸಣ್ಣ ಹೆಲ್ಮೆಟ್ ಏನು ಮಾಡೀತು? ಕೇಳಿದರೆ, "ಹುಳಕ್ಕಾದ್ರೂ ನಾನು ಧೈರ್ಯವಾಗಿದ್ದೀನಿ ಅನ್ನಿಸ್ಲಿ" ಅಂದಳು.)

ಹೊಸ ಯಂತ್ರ ಪೂಜೆಯಾಗದೆ ಕೆಲಸಕ್ಕಿಳಿಯುವ ಹಾಗಿಲ್ಲ. ಇದು ನಮ್ಮಲ್ಲಿ ಪೆಟ್ರೋಲ್ ಹಾಕುವುದಕ್ಕಿಂತ ಮುಖ್ಯ. ಕರ್ಪೂರ, ಊದುಬತ್ತಿ ಹುಳುಗಳಿಗೆ ಆಗದು. ಹಾಗಾಗಿ ಪೂಜೆ ದೂರದಲ್ಲಿ, ನಲ್ಲಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಬರೀ ಹೂವು ಕುಂಕುಮದಲ್ಲಿ. ಡ್ರಾಯಿಂಗ್ ಮೇಷ್ಟ್ರಲ್ಲವೇ? ಭಾವ ವಿಭೂತಿ ಪಟ್ಟೆಗಳನ್ನು ಸ್ಕೇಲ್ ಇಟ್ಟಷ್ಟು ನೇರವಾಗಿ ಎಳೆದರು. ಗಾಳಿ ಹೋಗುವ ಜಾಲಂಧ್ರಕ್ಕೆ ಅರಿಶಿನ ಕುಂಕುಮ ಧಾರಾಳವಾಗಿ ಎರಚಿದರು. ಹೆಲ್ಮೆಟ್ಟಿಗೂ ಬೊಟ್ಟಿಟ್ಟು, ಹೂವು ಸಿಗಿಸಿ, ಪಕ್ಕದಲ್ಲಿ ಮಣೆ ಹಾಕಿ ಕೂರಿಸಿದರು.

ಹೆಲ್ಮೆಟ್ಟಿಗೆ ಪೂಜೆಯಾಯಿತು. ತಲೆಗೆ ಮಾತ್ರ ಏರಲಿಲ್ಲ.

ಕೊನೆಗೆ ನಿಂಬೆಹಣ್ಣಿನ ಪ್ರಶ್ನೆ. ಸ್ಕೂಟರ್ ಆದರೆ ಎರಡು ಚಕ್ರದ ಕೆಳಗೆ ಎರಡು. ಟ್ರ್ಯಾಕ್ಟರ್ ಆದರೆ ನಾಲ್ಕು. ಬೋರ್‌ವೆಲ್ ಲಾರಿ ತಂದವರು ಒಂದು ಬುಟ್ಟಿಯನ್ನೇ ತರುತ್ತಾರೆ. ಗರಗಸಕ್ಕೆ ಚಕ್ರವೇ ಇಲ್ಲ. ಎಲ್ಲಿ ಇಡುವುದು? ಹತ್ತು ಹದಿನೆಂಟು. ರಾಹುಕಾಲ ಹತ್ತಿರ ಬರುತ್ತಿದೆ. ಆಗ ಯಾರೋ ಒಬ್ಬರು ಅಂದರು, "ಚಕ್ರ ಇಲ್ದಿದ್ರೇನು, ಇದರಲ್ಲಿ ತಿರುಗೋದು ಚೈನ್ ತಾನೇ? ಚೈನ್ ಕೆಳಗಿಡಿ."

ಎಲ್ಲರಿಗೂ ಒಪ್ಪಿಗೆಯಾಯಿತು. ಅಕ್ಕ ಒಳಗೆ ಹೋಗಿ ನಿಂಬೆಹಣ್ಣು ತಂದಳು. ಭಾವ ಪಂಚೆ ಎತ್ತಿ ಕಟ್ಟಿ ದಾರ ಎಳೆದರು. ಒಂದು, ಎರಡು, ಮೂರನೇ ಎಳೆತಕ್ಕೆ ಎಂಜಿನ್ ಎದ್ದಿತು. ಹೊಗೆ? ಕಾಣಲೇ ಇಲ್ಲ. ಅಕ್ಕನ ಮುಖದಲ್ಲಿ ಮೊದಲ ಸಲ ನಗು. ಅರಿಶಿನ ಕುಂಕುಮದ ತಟ್ಟೆ ಹಿಡಿದು ನಾನು ಭಾವನ ಎಡಭುಜದ ಹಿಂದೆ ನಿಂತಿದ್ದೆ.

ಭಾವ ಪೂರ್ತಿ ಆಕ್ಸಿಲರೇಟರ್ ಒತ್ತಿ, ಗರಗಸದ ತುದಿಯನ್ನು ಮೆಲ್ಲಗೆ, ಭಕ್ತಿಯಿಂದ, ನಿಂಬೆಹಣ್ಣಿನ ನೆತ್ತಿಗೆ ತಾಗಿಸಿದರು.

ನಿಂಬೆಹಣ್ಣು ಉರುಳಿತು.

ತುದಿ ಕಲ್ಲಿಗೆ ತಾಗಿತು.

ಆಮೇಲಿನದನ್ನು ನಾನು ಇಲ್ಲಿಯವರೆಗೆ ಕೆಲವು ನೂರು ಸಲ ಮತ್ತೆ ನೋಡಿದ್ದೇನೆ. ಒಂದು ಕಿಡಿ. ಗರಗಸ ಕಲ್ಲನ್ನು ಒದ್ದು ಮೇಲಕ್ಕೆ ಹಾರಿ, ಹಿಂದಕ್ಕೆ, ಆ ಚಿತ್ರದ ಬಾಗಿದ ಬಾಣದ ದಾರಿಯಲ್ಲೇ, ಒಂದು ಕೂದಲೆಳೆ ಆಚೀಚೆ ಇಲ್ಲದೆ ಬಂತು. ಹಿಡಿಯ ಹಾರ ಚೈನಿಗೆ ಸಿಕ್ಕಿತು. ಭಾವನ ಎಡಮುಂಗೈ ಹಿಡಿಯ ಮುಂದಿದ್ದ ಪ್ಲಾಸ್ಟಿಕ್ ಗುರಾಣಿಗೆ ಬಡಿಯಿತು. ಟಕ್. ಚೈನ್ ನಿಂತಿತು. ಎಂಜಿನ್ ಮಾತ್ರ ಏನೂ ಆಗದವರ ಹಾಗೆ ಗುರುಗುಟ್ಟುತ್ತಿತ್ತು. ನಮ್ಮೆಲ್ಲರ ಮೇಲೆ, ನಿಧಾನವಾಗಿ, ಚೆಂಡುಹೂವಿನ ಎಸಳು ಸುರಿಯಿತು. ಪಕ್ಕದ ತೋಟದವರು ದೂರದಿಂದ ನೋಡಿ ಆರತಕ್ಷತೆ ಅಂದುಕೊಂಡರಂತೆ.

ನಮ್ಮನ್ನು ಉಳಿಸಿದ್ದು ಚಿಪ್ ಅಲ್ಲ. ಗುರಾಣಿಗೆ ಏನಾದರೂ ಬಡಿದರೆ ಚೈನನ್ನು ಕಚ್ಚಿ ಹಿಡಿಯುವ ಒಂದು ಪಟ್ಟಿ, ಒಂದು ಸ್ಪ್ರಿಂಗು. ಯಾವುದೇ ಬುದ್ಧಿ ಇಲ್ಲದ ಸ್ಪ್ರಿಂಗು. ಚಿಪ್ ಆ ಕ್ಷಣದಲ್ಲೂ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಕುಂಕುಮ ತುಂಬಿದ ಮೂಗಿನಲ್ಲೂ ಪೆಟ್ರೋಲು, ಗಾಳಿ ಸರಿಯಾಗಿ ಬೆರೆಸುತ್ತಿತ್ತು. ಸತ್ತಿದ್ದರೂ ನಾವು ಹೊಗೆಯಿಲ್ಲದೆ ಸಾಯುತ್ತಿದ್ದೆವು.

ಅಕ್ಕ ಮೊದಲು ಹುಳು ಮನೆಯ ಕಡೆ ನೋಡಿದಳು. ಆಮೇಲೆ ಗಂಡನ ಕಡೆ. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

"ಒಂದು ಕಿವಿ ಹೋಗಿದ್ರೆ ಕನ್ನಡಕ ಯಾವುದಕ್ಕೆ ಸಿಗಿಸ್ಕೋತಿದ್ರಿ?" ಅಂದಳು.

ಭಾವ ಗರಗಸವನ್ನು ಆರಿಸಿ ಮಣೆಯ ಮೇಲೆ ಹೆಲ್ಮೆಟ್ಟಿನ ಪಕ್ಕ ಇಟ್ಟರು. ತಲೆಯ ಮೇಲಿನ ಎಸಳುಗಳನ್ನು ಒಂದೊಂದಾಗಿ ತೆಗೆದರು. ಕೊನೆಗೆ ತೀರ್ಪು ಕೊಟ್ಟರು.

"ನಿಂಬೆಹಣ್ಣು ಉರುಳಬಾರದಿತ್ತು."

ಅಲ್ಲಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಟಕ್. ಪಕ್ಕದ ಮನೆಯವರು ಚಟ್ನಿ ರುಬ್ಬಿದರೆ ನಾನು ಮೇಜಿನ ಕೆಳಗೆ. ಬಾಗಿಲ ಹಿಂದೆ ನಿಂತು ಕನ್ನಡಕದಿಂದ ಒಂದು ಗೇಣು ಅಳೆದು ನೋಡಿಕೊಳ್ಳುವುದು. ಶನಿವಾರ ತರಗತಿಯಲ್ಲಿ ಕ್ರಿಯೆ, ಪ್ರತಿಕ್ರಿಯೆ ಪಾಠ ಮಾಡುತ್ತಾ ಬೋರ್ಡಿನ ಮೇಲೆ ಬಾಗಿದ ಬಾಣ ಎಳೆದವಳು ಚಾಕ್ ಹಿಡಿದು ಹಾಗೇ ನಿಂತುಬಿಟ್ಟೆ. ಕ್ಯಾಂಟೀನಿನಲ್ಲಿ ಚಿತ್ರಾನ್ನದ ಮೇಲೆ ಹಿಂಡಲು ಅರ್ಧ ನಿಂಬೆಹಣ್ಣು ಕೊಟ್ಟರು. "ಬೇಡ" ಅಂದ ನನ್ನ ದನಿಗೆ ಇಡೀ ಸ್ಟಾಫು ತಿರುಗಿ ನೋಡಿತು.

ಮರ? ಮರ ಇನ್ನೂ ಬಗ್ಗುತ್ತಲೇ ಇತ್ತು.

ಭಾನುವಾರ ಅಕ್ಕ ತಾನೇ ರಹಮತ್ ಭಾಯ್‌ಗೆ ಫೋನ್ ಮಾಡಿದಳು. ಪೊರಕೆ ಹಿಡಿದು ಓಡಿಸಿದ ಮನುಷ್ಯನಿಗೆ ಫೋನ್ ಮಾಡುವುದು ಸುಲಭವಲ್ಲ. "ನಿಮ್ ಮಿಷಿನ್ ಬೇಡ, ನೀವು ಬನ್ನಿ" ಅಂದಳಂತೆ. ಅವರೂ ದೊಡ್ಡವರು. "ಪೊರಕೆ ಒಳಗಿಟ್ಟಿರಿ ಅಕ್ಕ, ಬರ್ತೀನಿ" ಅಂದರಂತೆ.

ಸೋಮವಾರ ನಾನು ರಜೆ ಹಾಕಿ ಹೋದೆ. ಕೈಯಲ್ಲಿ ಮ್ಯಾನುವಲ್. ಈ ಸಲ ಕೆಂಪು ಪುಟಗಳನ್ನು ಮೂರು ಸಲ ಓದಿದ್ದೆ. ರಹಮತ್ ಭಾಯ್ ಗರಗಸವನ್ನು ತಿರುಗಿಸಿ ಮುರುಗಿಸಿ ನೋಡಿದರು. ಜೇಬಿನಿಂದ ಸ್ಕ್ರೂಡ್ರೈವರ್ ಬಂತು.

"ಸ್ಕ್ರೂ ಎಲ್ಲಿ ಅಮ್ಮ?"

"ಇದಕ್ಕೆ ಇಲ್ಲ ಭಾಯ್. ತಾನೇ ಸರಿ ಮಾಡ್ಕೊಳತ್ತೆ."

"ಅಚ್ಛಾ? ಮತ್ತೆ ನನಗೇನು ಕೆಲಸ?" ಸ್ಕ್ರೂಡ್ರೈವರ್ ಒಳಗೆ ಹೋಯಿತು. ಫಿಲ್ಟರಿನ ಮುಚ್ಚಳ ತೆಗೆದರು. ಒಳಗಿಂದ ಒಂದು ಹಿಡಿ ಅರಿಶಿನ ಕುಂಕುಮ ಉದುರಿತು. ಭಾವ ಆಕಾಶ ನೋಡಿದರು.

"ಪೂಜೆ ಮಾಡ್ರಿ ಮೇಷ್ಟ್ರೇ, ನಾನ್ ಬೇಡ ಅನ್ನಲ್ಲ. ಮೂಗಲ್ಲಿ ಯಾಕೆ ತುರುಕ್ತೀರಿ? ಪಾಪ, ಅದು ಹೆಂಗೆ ಉಸಿರಾಡ್ತಿತ್ತೋ!"

ಆಮೇಲೆ ಅವರು ಗರಗಸವನ್ನು ಕೆಳಗಿಟ್ಟು ಒಂದು ಗಂಟೆ ಏನೂ ಮಾಡಲಿಲ್ಲ. ಮರ ನೋಡಿದರು. ಸುತ್ತಿದರು. ಎದ್ದ ಬೇರು ಮುಟ್ಟಿದರು. ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡಿದರು. ಮರ ಹತ್ತಿ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ದೂರದಲ್ಲಿ ತಂದು ನಿಲ್ಲಿಸಿದ್ದ ಪಕ್ಕದ ತೋಟದವರ ಟ್ರ್ಯಾಕ್ಟರಿಗೆ ಬಿಗಿಸಿದರು. ಹೆಲ್ಮೆಟ್ ಹಾಕಿಕೊಂಡರು. (ಅಂತೂ ಒಂದು ತಲೆಗೆ ಏರಿತು.) ಇಂಥ ಕೆಲಸದಲ್ಲಿ ಕಡಿಯುವುದು ಬಹಳ ಕಡಿಮೆ, ನೋಡುವುದೇ ಹೆಚ್ಚು ಅಂತ ಯಾವ ವಿಡಿಯೋದಲ್ಲೂ ತೋರಿಸಿರಲಿಲ್ಲ.

ಎಲ್ಲರೂ ದೂರ ಹೋದೆವು. ಅಕ್ಕ ಹುಳು ಮನೆಯ ಒಳಗೇ ಇದ್ದಳು.

"ಬಾರೇ ಆಚೆ!" ಭಾವ ಕೂಗಿದರು.

"ಸೊಪ್ಪು ಹಾಕೋ ಹೊತ್ತು. ಇವನ್ನ ಬಿಟ್ಟು ಎಲ್ಲಿಗೆ ಬರ್ಲಿ? ನೀವು ಕುಯ್ರಿ."

ಭಾವ ಒಳಗೆ ಓಡಲು ಹೊರಟರು. ರಹಮತ್ ಭಾಯ್ ತಡೆದು, ಗರಗಸವನ್ನು ನೆಲದ ಮೇಲಿಟ್ಟು, ಅದರ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತರು.

"ಅಕ್ಕಾ, ನೀವು ನಿಧಾನಕ್ಕೆ ಹಾಕ್ರಿ. ನೀವು ಬರೋವರ್ಗೂ ನಾನು ಸ್ಟಾರ್ಟ್ ಮಾಡಲ್ಲ. ಆದ್ರೆ ಗಾಳಿ ಈಗ ಆ ಕಡೆಗೈತೆ. ಆಮೇಲೆ ತಿರುಗಿದ್ರೆ ಹೊಗೆ ಒಳಕ್ಕೆ ಬಂದೀತು."

ಅಕ್ಕ ಅರ್ಧ ನಿಮಿಷದಲ್ಲಿ ಹೊರಗಿದ್ದಳು. ಗಂಡನ ಕೂಗಿಗೆ ಬಾರದವಳು, ಮರಕ್ಕೆ ಹೆದರದವಳು, ಹುಳುಗಳಿಗೆ ಹೊಗೆ ಅಂದದ್ದಕ್ಕೆ ಬಂದಳು.

ಆ ಕಡೆ ಒಂದು ಕಚ್ಚು. ಈ ಕಡೆ ಒಂದು ಕೊಯ್ತ. ಗರಗಸ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು, ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ. ರಹಮತ್ ಭಾಯ್ ಕೈ ಎತ್ತಿದರು, ಟ್ರ್ಯಾಕ್ಟರ್ ಜಗ್ಗಿತು. ಮರ ಒಂದು ಕ್ಷಣ ಯೋಚಿಸಿ, ಹುಳು ಮನೆಗೆ ಬೆನ್ನು ಹಾಕಿ, ಹಿಪ್ಪುನೇರಳೆಯ ಎರಡು ಸಾಲಿನ ಮೇಲೆ ಮಲಗಿತು. ನೆಲ ನಡುಗಿತು. ಅಕ್ಕ ಒಳಗೆ ಓಡಿ, ತಟ್ಟೆಗಳ ಮೇಲೆ ಬಗ್ಗಿ ನೋಡಿ, ಬಾಗಿಲಿಗೆ ಬಂದಳು.

"ತಿಂತಾ ಅವೆ" ಅಂದಳು. ಅಷ್ಟೇ. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಒಳ್ಳೇ ಮಿಷಿನ್ ಆರ್ಸಿದ್ದೀರಿ ಮೇಷ್ಟ್ರೇ" ರಹಮತ್ ಭಾಯ್ ಹೆಲ್ಮೆಟ್ ತೆಗೆಯುತ್ತಾ ಅಂದರು. ಭಾವ ಎರಡು ಇಂಚು ಎತ್ತರವಾದರು. ಆದರೆ ಟೀ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದಿದ್ದನ್ನು ನಾನು ನೋಡಿದೆ.

ಅವತ್ತು ಅಕ್ಕ ರಹಮತ್ ಭಾಯ್‌ಗೆ ಟೀ ಜೊತೆ ಪಾನಕವನ್ನೂ ಮಾಡಿಕೊಟ್ಟಳು. ನಲ್ಲಿಯ ಮೋರಿಯ ಅಂಚಿನಲ್ಲಿ ಅದೇ ನಿಂಬೆಹಣ್ಣು ಸಿಕ್ಕಿತ್ತಂತೆ. ತೊಳೆದು ನೋಡಿದರೆ ಮೈಮೇಲೆ ಒಂದು ಗೀರೂ ಇಲ್ಲ. "ಗಟ್ಟಿ ಆಯುಸ್ಸು ಇದಕ್ಕೆ" ಅನ್ನುತ್ತಾ ಹೆಚ್ಚಿ ಹಿಂಡಿದಳು.

ಬುಧವಾರ ಹುಳುಗಳು ತಿನ್ನುವುದು ಬಿಟ್ಟು ಹಣ್ಣಾದವು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಹೆಣೆದ ಬಿದಿರಿನ ತಟ್ಟಿಗೆ, ಬಿಡಬೇಕು. ಎಷ್ಟು ಕೈ ಇದ್ದರೂ ಸಾಲದು. ಕಾಲೇಜು ಮುಗಿಸಿ ನಾನೂ ಹೋದೆ. (ಶಾಂಪೂ ಇಲ್ಲದೆ.) ಹೊಳೆಯುವ, ಜೇನಿನ ಬಣ್ಣದ ಹುಳುಗಳನ್ನು ಒಂದೊಂದೇ ಎತ್ತಿ ಬಿಡುತ್ತಿರುವಾಗ ಅಕ್ಕನ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಐದು ದಿನದಿಂದ ಮುಚ್ಚಿಟ್ಟಿದ್ದನ್ನು ಹೊರಗೆ ಹಾಕಿದೆ. ನಿಮಗೂ ಈಗಲೇ ಹೇಳಿಬಿಡುತ್ತೇನೆ.

ಚೈನ್ ಕೆಳಗಿಡಿ ಅಂತ ಅಂದ ಆ "ಯಾರೋ ಒಬ್ಬರು" ನಾನೇ.

ಫಿಸಿಕ್ಸ್ ಓದಿದವಳು. ಬಾಗಿದ ಬಾಣದ ಚಿತ್ರ ಕಣ್ಣಾರೆ ನೋಡಿದ್ದವಳು.

ಅಕ್ಕ ತಲೆ ಎತ್ತಲಿಲ್ಲ. ಇನ್ನೊಂದು ಹುಳು ಎತ್ತಿ ಬಿಟ್ಟಳು.

"ಗೊತ್ತು ಕಣೇ. ಪಕ್ಕದಲ್ಲೇ ನಿಂತಿರ್ಲಿಲ್ವಾ ನಾನು? ಫ್ರಿಜ್ಜಲ್ಲಿ ಚಿಕ್ಕ ನಿಂಬೆಹಣ್ಣೂ ಇತ್ತು. ಚಿಕ್ಕದಾದ್ರೆ ಸರಿಯಾಗಿ ಕುಯ್ಯಲ್ಲ ಅಂತ ದೊಡ್ಡದು, ದುಂಡಗಿರೋದು ಆರ್ಸಿ ತಂದ್ಕೊಟ್ಟೋಳು ನಾನು. ನನಗೂ ನಿದ್ದೆ ಇಲ್ಲ."

ಹೊರಗಿನ ಮಂಚದಿಂದ ಭಾವನ ದನಿ ಬಂತು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಪೂರ್ತಿ ಆಕ್ಸಿಲರೇಟರ್ ಒತ್ತಿದ್ದು ಯಾರು ಅಂತ ಒಬ್ರೂ ಕೇಳ್ತಿಲ್ವಲ್ಲ."

ಅಕ್ಕನಿಗೆ ನಗು ಬಂತು. ನನಗೂ. ನಕ್ಕರೆ ಹುಳುಗಳಿಗೆ ಗಾಬರಿಯಾಗುತ್ತದೆ ಅಂತ ಬಾಯಿಗೆ ಸೆರಗು ಅದುಮಿಕೊಂಡು, ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಊಟ ಮಾಡಿ ಅಲ್ಲೇ ಚಾಪೆ ಹಾಸಿ ಮಲಗಿದವಳು ಎದ್ದಾಗ ಗುರುವಾರದ ಬಿಸಿಲು ಮುಖದ ಮೇಲಿತ್ತು. ಟಕ್ ಅಂದಿರಲಿಲ್ಲ. ಶುಕ್ರವಾರದ ನಂತರ ಮೊದಲ ಸಲ ಬುಧವಾರ ರಾತ್ರಿ ಪೂರ್ತಿ ನಿದ್ದೆ ಮಾಡಿದ್ದೆ.

ಬೆಳಗ್ಗೆ ಟೀ ಕುಡಿಯುತ್ತಾ ಆ ಒಗೆಯುವ ಕಲ್ಲನ್ನು ನೋಡಿದೆ. ಗರಗಸ ತಾಗಿದ ಕಡೆ ಒಂದು ಬಿಳಿ ಗೀರು. ಅದರ ಸುತ್ತ ಅವತ್ತು ನಿಂತಿದ್ದವರನ್ನು ನೆನೆದೆ. ಒಬ್ಬ ಮೇಷ್ಟ್ರು, ಒಬ್ಬ ಲೆಕ್ಚರರು, ಇಪ್ಪತ್ತು ವರ್ಷ ರೇಷ್ಮೆ ಸಾಕಿದ ಅನುಭವಸ್ಥೆ, ಸೆಕೆಂಡಿಗೆ ನೂರಾರು ಸಲ ಯೋಚಿಸುವ ಒಂದು ಚಿಪ್.

ಇಷ್ಟು ಜನರಲ್ಲಿ, ಅಪಾಯ ಹತ್ತಿರ ಬಂದಾಗ ಸುಮ್ಮನೆ ಪಕ್ಕಕ್ಕೆ ಸರಿಯುವಷ್ಟು ಬುದ್ಧಿ ಇದ್ದದ್ದು ನಿಂಬೆಹಣ್ಣೊಂದಕ್ಕೇ ಅಲ್ಲವೇ?